ಉಗ್ರಪ್ಪ ಕರಡಿಯಾದದ್ದು

ಹೂಂ ಅನ್ನೋರು ಮುಂದೆ ಬನ್ನಿ, ಆಕಳಿಸೋರು ಹಿಂದೆ ಕೂರಿ. ನೀವು ಹೂಂ ಅಂದರೆ ನನ್ನ ಬಾಯಿ ಓಡುತ್ತೆ, ಅನ್ನದಿದ್ದರೆ ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೂತುಬಿಡ್ತೀನಿ. ಅಂದಿರಾ? ಸರಿ, ಹಾಗಾದರೆ ಕೇಳಿ.

ಬಿದರಹಟ್ಟಿ ಅಂತ ಒಂದೂರು. ಆ ಊರಲ್ಲಿ ಬೋರಮ್ಮ ಅಂತ ಒಬ್ಬ ತಾಯಿ. ಅವಳಿಗೊಬ್ಬ ಮಗ, ಹೆಸರು ಉಗ್ರಪ್ಪ. ಹೆಸರು ಕೇಳಿ ಹೆದರಬೇಡಿ, ವಯಸ್ಸು ಮೂವತ್ತಾದರೂ ಒಂದು ಇರುವೆಯನ್ನೂ ಗದರಿದವನಲ್ಲ. ಅವನದು ಒಂದೇ ಗುಣ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಹಾಲು ಉಕ್ಕಿದರೆ ಕೂಗು ಅಂದರೆ, ಪೂರ್ತಿ ಉಕ್ಕಿ ಒಲೆ ಆರಿದ ಮೇಲೆ ಕೂಗೋನು. ಸಂಡಿಗೆ ಕಾಯ್ತಾ ಇರು, ಕಾಗೆ ಬಂದರೆ ಓಡಿಸು ಅಂದರೆ, ಕಾಗೆಯನ್ನು ಮೂರು ಹೊಲ ದಾಟಿಸಿ ಬರೋನು. ಅಷ್ಟರಲ್ಲಿ ಸಂಡಿಗೆ ಕೋಳಿಗಳ ಹೊಟ್ಟೆ ಸೇರಿರುತ್ತಿತ್ತು.

"ಇವನನ್ನ ಹೆತ್ತು ನಾನೇನು ಸುಖ ಕಂಡೆ ಶಿವನೇ!" ಅಂತ ಬೋರಮ್ಮ ದಿನಕ್ಕೆ ಮೂರು ಸಲ ಹಣೆ ಚಚ್ಚಿಕೊಳ್ಳೋಳು. ಮೂರು ಸಲವೂ ಉಗ್ರಪ್ಪ ಓಡಿ ಹೋಗಿ ಹಣೆಗೆ ಎಣ್ಣೆ ತರೋನು. ತಾಯಿ ಅಂದರೆ ಅವನಿಗೆ ಅಷ್ಟು ಪ್ರೀತಿ.

ತಾಯಿ ಬಿಟ್ಟರೆ ಅವನಿಗೆ ಪ್ರೀತಿ ಅಂದರೆ ಇಂಪು. ಇಂಪು ಅವನ ಅಕ್ಕ ನಾಗವೇಣಿಯ ಮಗಳು, ಎಂಟು ವರ್ಷದ ಹುಡುಗಿ, ಅದೇ ಮನೆಯಲ್ಲೇ ಇದ್ದಳು. ಅಕ್ಕ ಬೆಳಗಾದರೆ ಗಾರ್ಮೆಂಟ್ಸ್ ಬಸ್ಸು ಹತ್ತಿ ಹೋದರೆ ಬರೋದು ಸಂಜೆಗೆ. ಆ ಇಂಪು ಮನೆ ಮುಂದಿನ ಸೀಬೆ ಮರ ಹತ್ತಿ, ಕೊಂಬೆ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ತೊಡೆಯವರೆಗೂ ಪ್ಲಾಸ್ಟರು. ಮೊದಲ ವಾರ ಗೆಳೆಯರ ದಂಡೇ ಬಂತು, ಪ್ಲಾಸ್ಟರಿನ ಮೇಲೆ ಹೂ ಬರೆದರು, ನವಿಲು ಬರೆದರು. ಎರಡನೇ ವಾರ ಇಬ್ಬರು ಬಂದರು. ಮೂರನೇ ವಾರ ಒಬ್ಬರೂ ಇಲ್ಲ. ಓಡಲಾರದವಳ ಜೊತೆ ಏನಂತ ಆಡೋದು? ಬೀದಿಯಲ್ಲಿ ಲಗೋರಿ ಆಡೋ ಸದ್ದು ಕೇಳೋದು, ಇಂಪು ಕಿಟಕಿಗೆ ಬೆನ್ನು ಹಾಕಿ ಗೋಡೆ ಕಡೆ ತಿರುಗಿ ಮಲಗೋಳು. ತಟ್ಟೆಯಲ್ಲಿ ಹಾಕಿದ್ದು ತಟ್ಟೆಯಲ್ಲೇ ಇರೋದು. ಪ್ಲಾಸ್ಟರು ಬಿಚ್ಚೋಕೆ ಇನ್ನೂ ಮೂರು ವಾರ ಇತ್ತು.

"ಇಂಪೂ, ಒಂದು ತುತ್ತು ತಿನ್ನವ್ವ" ಅಂದ ಉಗ್ರಪ್ಪ.

"ಬ್ಯಾಡ ಮಾವ. ಅವ್ರೆಲ್ಲಾ ನನ್ನ ಮರ್ತೇಬಿಟ್ರು" ಅಂದಳು ಗೋಡೆಗೆ.

ಉಗ್ರಪ್ಪನೂ ಹೋಗಿ ಅದೇ ಗೋಡೆಗೆ ಮುಖ ಮಾಡಿ ಕೂತ.

ಗುರುವಾರ ಇಂಪುವಿನ ಸ್ಕೂಲಿನ ಶಕೀಲಾ ಮೇಡಂ ಬಂದರು. ಹುಡುಗಿಯ ಮುಖ ನೋಡಿ ಬೋರಮ್ಮನನ್ನು ಹೊರಗೆ ಕರೆದರು. "ಅಜ್ಜೀ, ಒಂದು ಆಟ ಬಂದಿದೆ. ಮೇಜಿನ ಸುತ್ತ ಕೂತು ಆಡೋದು. ಮೇಜಿಲ್ಲದಿದ್ರೆ ಮಂಚದ ಸುತ್ತ ಕೂತರಾಯ್ತು. ಒಬ್ರು ಕತೆ ಹೇಳ್ತಾರೆ, ಉಳಿದೋರು ಒಬ್ಬೊಬ್ರು ಒಂದೊಂದು ಪ್ರಾಣಿ ಆಗ್ತಾರೆ. ನರಿಯೋ, ಗೂಬೆಯೋ, ಅಳಿಲೋ. ಓಡೋ ಹಾಗಿಲ್ಲ, ನೆಗೆಯೋ ಹಾಗಿಲ್ಲ. ದುರ್ಗದ ಆಟದ ಅಂಗಡೀಲಿ ಸಿಗುತ್ತೆ. ನಮ್ಮ ಇಂಪುಗೆ ಹೊಂದೋದು ನೋಡಿ ತರಿಸಿ. ಭಾನುವಾರ ಬೆಳಿಗ್ಗೆ ನಾಲ್ಕು ಮಕ್ಕಳನ್ನ ನಾನೇ ಕರ್ಕೊಂಡು ಬರ್ತೀನಿ. ಒಂದು ಸಲ ರುಚಿ ಹತ್ತಿದ್ರೆ ಆಮೇಲೆ ಅವ್ರೇ ಬರ್ತಾರೆ."

ಬೋರಮ್ಮ ಮಗುವನ್ನು ಬಿಟ್ಟು ಹೋಗೋ ಹಾಗಿಲ್ಲ. ಅಕ್ಕನಿಗೆ ಭಾನುವಾರವೂ ರಜೆ ಇಲ್ಲ. ಉಳಿದೋನು ಯಾರು? ಉಗ್ರಪ್ಪ.

"ಹೋಗ್ಲಾ, ಇಂಪುಗೆ ಹೊಂದೋ ಆಟ ತಗೊಂಡ್ ಬಾ. ಪ್ರಾಣಿ ಆಟ, ತಿಳೀತಾ?"

"ತಿಳೀತವ್ವಾ!"

ಹೊರಡೋ ಮುಂಚೆ ಉಗ್ರಪ್ಪನಿಗೆ ಒಂದು ನೆನಪಾಯಿತು. ಹೋದ ತಿಂಗಳು ಇಂಪುಗೆ ಚಪ್ಪಲಿ ತಂದಾಗ ಅದು ಹೆಬ್ಬೆರಳಿಗೂ ಹಿಡಿಸಿರಲಿಲ್ಲ. ಆಗ ಅವ್ವ ಬೈದಿದ್ದಳು, "ಮಗೀಗೆ ಏನಾರ ತರೋವಾಗ ಅಳತೆ ತಗೊಂಡ್ ಹೋಗ್ಬೇಕು ಕಣ್ಲಾ ಮಂಕೇ!" ಅಂತ. ಅವ್ವ ಹೇಳಿದ ಮೇಲೆ ಮುಗೀತು. ಮಲಗಿದ್ದ ಇಂಪುವಿನ ನೆತ್ತಿಯಿಂದ ಅಂಗಾಲಿನವರೆಗೆ ಒಂದು ದಾರ ಹಿಡಿದು, ಗಂಟು ಹಾಕಿ, ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದ.

ದುರ್ಗದಲ್ಲಿ ಪದ್ಮರಾಜಯ್ಯನವರ ಆಟದ ಅಂಗಡಿ. ಪದ್ಮರಾಜಯ್ಯ ಕನ್ನಡಕ ಮೇಲೇರಿಸಿ ಕೇಳಿದರು, "ಏನು ಕೊಡ್ಲಪ್ಪಾ?"

"ಪ್ರಾಣಿ ಆಟ ಕೊಡಿ. ಅಳತೆ ತಂದೀನಿ!"

"ಆಟಕ್ಕೆ ಅಳತೆಯೇ?"

"ನಮ್ಮವ್ವ ಹೇಳವ್ಳೆ!"

ಅವರು ತೋರಿಸಿದ ಪೆಟ್ಟಿಗೆಗೆಲ್ಲ ದಾರ ಹಿಡಿದ. ಒಂದೂ ಸರಿಹೋಗಲಿಲ್ಲ. "ಇದು ಮೊಣಕಾಲಿಗೂ ಬರಲ್ಲ! ಇದು ಸೊಂಟಕ್ಕೇ ನಿಂತೋಯ್ತು!" ಕೊನೆಗೆ ಮೂಲೆಯಲ್ಲಿ ಒಂದು ಮೊಸಳೆ ಕಂಡಿತು. ನೀರಲ್ಲಿ ತೇಲೋ ರಬ್ಬರಿನ ಮೊಸಳೆ, ಗಾಳಿ ತುಂಬಿರಲಿಲ್ಲ. ಉಗ್ರಪ್ಪ ಬಾಯಿಟ್ಟು ಊದಿದ, ಊದಿದ, ಕಣ್ಣು ಮೇಲೆ ಹೋಗೋ ತನಕ ಊದಿದ. ದಾರ ಹಿಡಿದ. ಮೂತಿಯಿಂದ ಬಾಲದವರೆಗೆ ಗಂಟಿಗೆ ಗಂಟು ಸರಿ!

ಬಸ್ಸಿನಲ್ಲಿ ಮೊಸಳೆಯನ್ನು ತೊಡೆ ಮೇಲೆ ಕೂರಿಸಿಕೊಂಡು ಮನೆಗೆ ಬಂದ. "ಅವ್ವಾ! ಒಂದು ಕೂದಲೆಳೆ ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ!"

ಬೋರಮ್ಮ ಮೊಸಳೆ ನೋಡಿದಳು, ಮಗನನ್ನು ನೋಡಿದಳು. "ಇದೇನ್ಲಾ ಇದು!"

"ನೀನೇ ಅಲ್ಲೇನವ್ವಾ ಹೇಳಿದ್ದು? ಅಳತೆ ತಗೊಂಡ್ ಹೋಗು ಅಂತ!"

"ಅಯ್ಯೋ ನನ್ನ ಕರ್ಮವೇ! ನೀರಿಲ್ಲದ ಊರಿಗೆ ಮೊಸಳೆ ತಂದ್ಯಲ್ಲೋ! ಆಟ ಅಂದ್ರೆ ಪೆಟ್ಟಿಗೇಲಿ ಬರ್ತೈತೆ ಕಣ್ಲಾ! ಪೆಟ್ಟಿಗೆ ಮೇಲೆ ಪ್ರಾಣಿ ಚಿತ್ರ ಇರ್ತೈತೆ. ಚಿತ್ರ ನೋಡಿ ತಗೋಬೇಕು! ಮಗೀಗೆ ಎಂಟು ವರ್ಷ, ಅದಕ್ಕೇ ಎಂಟು ಅಂತ ಅಂಕಿ ಬರ್ದಿರ್ಬೇಕು! ಈಗ ತಿಳೀತಾ?"

"ತಿಳೀತವ್ವಾ!"

ಬಾಯಿಟ್ಟು ಊದಿದ ಮೊಸಳೆಯನ್ನು ಯಾವ ಅಂಗಡಿಯವರು ವಾಪಸು ತಗೋತಾರೆ? ಬೋರಮ್ಮ ಬೈದುಕೊಳ್ಳುತ್ತಲೇ ಅದನ್ನು ಜಗುಲಿಯ ಮೇಲೆ ಹಾಕಿ, ಬೆನ್ನ ಮೇಲೆ ಪಂಚೆ ಹಾಸಿ ಸಂಡಿಗೆ ಒಣಗಿಸಿದಳು.

ಶುಕ್ರವಾರ ಉಗ್ರಪ್ಪ ಮತ್ತೆ ದುರ್ಗಕ್ಕೆ ಹೊರಟ. ದಾರಿಯುದ್ದಕ್ಕೂ ಬೆರಳು ಮಡಚಿಕೊಂಡು ಹೇಳಿಕೊಂಡ. "ಪೆಟ್ಟಿಗೆ, ಪ್ರಾಣಿ, ಎಂಟು. ಪೆಟ್ಟಿಗೆ, ಪ್ರಾಣಿ, ಎಂಟು." ಬಸ್ಸು ಇಳಿದವನೇ ತಲೆ ಎತ್ತಿದ. ಎದುರಿಗೇ ಒಂದು ಅಂಗಡಿ, ಗಾಜಿನ ಕಪಾಟಿನಲ್ಲಿ ಒಂದು ಪೆಟ್ಟಿಗೆ. ಪೆಟ್ಟಿಗೆ ಮೇಲೆ ಹಸು, ಕುರಿ, ಮೇಕೆ. ಮೂಲೆಯಲ್ಲಿ ದಪ್ಪಕ್ಕೆ ಎಂಟು. ಕೈಗೆ ಸಿಕ್ಕಿದ್ದನ್ನು ಬಿಟ್ಟು ಇನ್ನೂ ದೂರ ಯಾರು ನಡೀತಾರೆ? ತಗೊಂಡ, ಬಂದ ಬಸ್ಸಲ್ಲೇ ವಾಪಸು ಹತ್ತಿದ.

"ಅವ್ವಾ! ಪೆಟ್ಟಿಗೆ ಐತೆ! ಪ್ರಾಣಿ ಒಂದಲ್ಲ, ಮೂರೈತೆ! ಎಂಟೂ ಐತೆ!"

ಬೋರಮ್ಮ ಆಸೆಯಿಂದ ಮುಚ್ಚಳ ತೆಗೆದಳು. ಒಳಗೆ ಹೆಬ್ಬೆರಳಿನಷ್ಟು ದಪ್ಪನೆಯ ಎಂಟು ಮಾತ್ರೆ.

"ಲೇ! ಇದು ಕುರಿ ಹೊಟ್ಟೆ ಹುಳಕ್ಕೆ ಹಾಕೋ ಮಾತ್ರೆ ಕಣೋ!"

"ನೀನೇ ಅಲ್ಲೇನವ್ವಾ ಹೇಳಿದ್ದು? ಪೆಟ್ಟಿಗೆ, ಪ್ರಾಣಿ, ಎಂಟು ಅಂತ!"

"ನಿನ್ನ ಬಾಯಿಗೆ ಹಾಕ್ಬೇಕು ಇದನ್ನ! ತಲೇಲಿರೋ ಹುಳಾನಾದ್ರೂ ಬೀಳ್ತಾವೇನೋ!" ಬೋರಮ್ಮ ಕಂಬ ಹಿಡಿದುಕೊಂಡು ಉಸಿರು ತಗೊಂಡಳು. "ನೋಡು, ನಾಳೆ ಒಂದೇ ದಿನ ಉಳಿದಿರೋದು. ಭಾನುವಾರ ಮಕ್ಕಳು ಬಂದಾಗ ಆಟ ಇಲ್ದಿದ್ರೆ ಬಂದ ದಾರೀಲೇ ಹೊರಟೋಗ್ತಾರೆ. ಆಮೇಲೆ ಕೈ ಮುಗಿದು ಕರೆದ್ರೂ ಬರಲ್ಲ. ಮಗು ಇನ್ನಷ್ಟು ಕುಗ್ಗೋಯ್ತದೆ. ಆಟದ ಅಂಗಡಿಗೇ ಹೋಗು. ಯಾವ ಆಟ ಒಳ್ಳೇದು ಅಂತ ಆ ಯಜಮಾನರನ್ನ ಕೇಳು. ಅವರು ಹೇಳೋದನ್ನ ಪೂರ್ತಿ ಕೇಳಿಸ್ಕೋ, ಒಂದಕ್ಷರ ಬಿಡ್ಬ್ಯಾಡ. ಮಧ್ಯೆ ಬಾಯಿ ಹಾಕ್ಬ್ಯಾಡ. ಹೂಂ ಅನ್ನು, ಅಷ್ಟೆ! ತಿಳೀತಾ?"

"ಹೂಂ" ಅಂದ ಉಗ್ರಪ್ಪ. ಆಗಲೇ ಶುರು.

ಶನಿವಾರ. ಪದ್ಮರಾಜಯ್ಯ ಅವನನ್ನು ಕಂಡವರೇ ಉಳಿದ ಮೊಸಳೆಗಳನ್ನು ಮೇಲಿನ ಅಟ್ಟಕ್ಕೆ ಎಸೆದರು. ಆಮೇಲೆ ವಿಷಯ ಕೇಳಿ ಮುಖ ಅರಳಿಸಿಕೊಂಡರು. ಆಟದ ಬಗ್ಗೆ ಕೇಳೋ ಗಿರಾಕಿ ಸಿಕ್ಕಿ ಎಷ್ಟು ದಿನವಾಗಿತ್ತೋ ಪಾಪ! ಮೂರು ಪೆಟ್ಟಿಗೆ ತಂದು ಸಾಲಾಗಿ ಇಟ್ಟರು.

"ನೋಡಪ್ಪಾ, ಇದು ಇಲಿಗಳ ಆಟ. ಇಲಿಗಳು ಕತ್ತಿ ಹಿಡಿದು ಹಾಳು ಕೋಟೇಲಿ ಹಾವಿನ ಜೊತೆ ಹೋರಾಡ್ತವೆ. ಇದು ಬೇಕಾ?"

"ಹೂಂ."

"ಇದು ತೋಳಗಳ ಆಟ. ಸ್ವಲ್ಪ ರಕ್ತಪಾತ ಇದೆ, ದೊಡ್ಡ ಮಕ್ಕಳಿಗೆ. ಇದಾ?"

"ಹೂಂ."

"ಇದು ಕಾಡಿನ ಗೆಳೆಯರ ಆಟ. ಒಬ್ರಿಗೊಬ್ರು ಸಹಾಯ ಮಾಡ್ಕೊಂಡು ಕಳೆದುಹೋದೋರನ್ನ ಹುಡುಕೋದು. ಮತ್ತೆ ಇದಾ?"

"ಹೂಂ."

"ಮೂರೂ ಬೇಕೇನಯ್ಯಾ?"

"ಹೂಂ."

ಪದ್ಮರಾಜಯ್ಯ ಬೆವರು ಒರೆಸಿಕೊಂಡರು. ಬೇರೆ ದಾರಿ ಹಿಡಿದರು. "ಆಡೋದು ಸಣ್ಣ ಮಗುವಾ?" "ಹೂಂ." "ಹೆದರಿಕೊಳ್ಳುತ್ತಾ?" "ಹೂಂ." "ಮಗೂಗೆ ಏನೋ ನೋವಾಗಿದೆಯಾ?"

ಉಗ್ರಪ್ಪನಿಗೆ ಎಷ್ಟೋ ಹೇಳಬೇಕು ಅನ್ನಿಸಿತು. ಗೋಡೆ ಕಡೆ ತಿರುಗಿದ ಪುಟ್ಟ ಬೆನ್ನು ಕಣ್ಣ ಮುಂದೆ ಬಂತು. ಆದರೆ ಅವ್ವ ಹೇಳಿದ್ದು ಒಂದೇ ಮಾತು.

"ಹೂಂ" ಅಂದ, ಕಣ್ಣಲ್ಲಿ ನೀರು ಹಾಕಿಕೊಂಡು.

ಪದ್ಮರಾಜಯ್ಯ ಎರಡು ಪೆಟ್ಟಿಗೆ ಒಳಗಿಟ್ಟು ಕಾಡಿನ ಗೆಳೆಯರ ಪೆಟ್ಟಿಗೆಯನ್ನು ಅವನ ಮುಂದೆ ಸರಿಸಿದರು. ಆಮೇಲೆ ಆಡೋ ಕ್ರಮ ಹೇಳಿದರು. ಎರಡು ಸಲ ಕೆಮ್ಮಿ, ಒಂದು ಸಲ ನೀರು ಕುಡಿದು, ಬಿಡಿಸಿ ಬಿಡಿಸಿ ಹೇಳಿದರು. ಉಗ್ರಪ್ಪ ಒಂದೊಂದಕ್ಕೂ ಹೂಂ ಅಂದ, ಒಂದೊಂದನ್ನೂ ತಲೆಯಲ್ಲಿಟ್ಟುಕೊಂಡ.

ಸರಿಯಾದ ಆಟ ಸಿಕ್ಕಿತಲ್ಲ, ಕತೆ ಮುಗೀತು ಅಂದುಕೊಂಡಿರಾ? ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಕೇಳಿದ, "ಚಳ್ಳಕೆರೆಗಾ?"

"ಹೂಂ."

ಹೋದ ಚಳ್ಳಕೆರೆಗೆ! ಅಲ್ಲಿ ಇನ್ನೊಬ್ಬ ಕೇಳಿದ, "ಮದುವೆ ಮನೇಗೆ ಬಂದೋನಾ? ಗಂಡಿನ ಕಡೆಯೋನಾ?" "ಹೂಂ." ಮದುವೆ ಛತ್ರಕ್ಕೆ ಕರೆದುಕೊಂಡು ಹೋದರು. "ಇನ್ನೊಂದು ಹೋಳಿಗೆ?" "ಹೂಂ." "ಇನ್ನೊಂದು?" "ಹೂಂ." "ಸೌತೆಕಾಯಿ ಹೆಚ್ತೀಯಾ?" "ಹೂಂ." ಒಂದು ಮೂಟೆ ಸೌತೆಕಾಯಿ ಹೆಚ್ಚಿದ. ಬೆಳಿಗ್ಗೆ ಒಬ್ಬ ಅಜ್ಜಿ ಅವನನ್ನು ಗುರುತಿಸಿ, "ಲೇ, ನೀನು ಬಿದರಹಟ್ಟಿ ಬೋರಿ ಮಗ ಅಲ್ವೇನ್ಲಾ? ಊರಿಗೆ ಹೋಗ್ಬೇಕೇನ್ಲಾ?" ಅಂದಳು. ಅಷ್ಟು ಹೂಂಗಳಲ್ಲಿ ಅದೊಂದು ಹೂಂ ಸರಿಯಾದ ಜಾಗಕ್ಕೆ ಬಿತ್ತು.

ಭಾನುವಾರ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಉಗ್ರಪ್ಪ ಓಡಿ ಬಂದಾಗ ಬೋರಮ್ಮ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದಳು. ರಾತ್ರಿಯೆಲ್ಲ ಮಗ ಎಲ್ಲಿ ಹೋದನೋ ಅಂತ ಅತ್ತು ಕಣ್ಣು ಊದಿದ್ದವು. ಒಳಗೆ ಶಕೀಲಾ ಮೇಡಂ, ಮಂಚದ ಸುತ್ತ ನಾಲ್ಕು ಮಕ್ಕಳು. ಇಂಪು ಮಾತ್ರ ಅವರ ಕಡೆಗೂ ಬೆನ್ನು ಹಾಕಿದ್ದಳು.

"ಎಲ್ಲಿ ಹಾಳಾಗಿ ಹೋಗಿದ್ದೆ!"

"ಚಳ್ಳಕೆರೆಗೆ ಕಣವ್ವಾ. ನೀನೇ ಅಲ್ಲೇನವ್ವಾ ಹೇಳಿದ್ದು? ಹೂಂ ಅನ್ನು ಅಂತ!"

"ಕೇಳಿದ್ದಕ್ಕೆಲ್ಲಾ ಹೂಂ ಅಂತಾರೇನೋ! ಇನ್ಮೇಲೆ ಯಾರಾದ್ರೂ ಕೇಳಿದ್ರೆ ಏನ್ ಮಾಡ್ತೀಯ ಅಂತ ಬಾಯಿ ಬಿಟ್ಟು ಹೇಳು! ಹೇಳಿದ ಮೇಲೆ ಹೇಳ್ದಂಗೆ ಮಾಡು! ತಿಳೀತಾ?"

"ತಿಳೀತವ್ವಾ!"

ಪೆಟ್ಟಿಗೆ ಬಿಚ್ಚಿದರು. ಬಣ್ಣಬಣ್ಣದ ಹಾಳೆ, ದಾಳ, ಪ್ರಾಣಿಗಳ ಚೀಟಿ. ಆಡೋ ಕ್ರಮದ ಪುಸ್ತಕ ಪೂರ್ತಿ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರ. ಮೇಡಂ ಕನ್ನಡಕ ಹುಡುಕೋಕೆ ಶುರು ಮಾಡಿದರು.

"ನಂಗೆ ಗೊತ್ತೈತೆ!" ಅಂದ ಉಗ್ರಪ್ಪ. ನೆಟ್ಟಗೆ ನಿಂತು ಒಪ್ಪಿಸಿದ. "ಒಬ್ರು ಕತೆ ಹೇಳೋರು. ಅವರು ಕೂತಲ್ಲೇ ಕೂತಿರ್ಬೇಕು, ಕಾಡು ಅವರ ಬಾಯಲ್ಲಿರುತ್ತೆ. ಏನು ಮಾಡ್ತೀಯ ಅಂತ ಪ್ರಾಣೀನ ಕೇಳ್ತಾರೆ. ಪ್ರಾಣಿ ಹೇಳುತ್ತೆ. ಆಮೇಲೆ ದಾಳ. ದೊಡ್ಡ ಅಂಕಿ ಬಿದ್ರೆ ಕೆಲಸ ಆಯ್ತು. ಒಂದು ಬಿದ್ರೆ ಕೆಟ್ಟಿತು. ಸರದಿ ಬರೋವರೆಗೂ ಯಾರೂ ಅಲ್ಲಾಡೋ ಹಾಗಿಲ್ಲ." ಪದ್ಮರಾಜಯ್ಯ ಕೆಮ್ಮಿದ ಎರಡು ಕಡೆ ಇವನೂ ಕೆಮ್ಮಿದ. ನೀರು ಕುಡಿದ ಕಡೆ ನೀರು ಕೇಳಿ ಕುಡಿದು ಮುಂದುವರಿಸಿದ.

ಮೇಡಂ ಬೆರಗಾದರು. "ಕೂತಲ್ಲೇ ಕೂತು ಕತೆ ಹೇಳೋರು ಅಂದ್ರೆ ನಮ್ಮ ಇಂಪೂನೇ!"

ಹಾಗೂ ಹೀಗೂ ಇಂಪುವನ್ನು ಈ ಕಡೆ ತಿರುಗಿಸಿ, ದಿಂಬಿಗೆ ಒರಗಿಸಿ ಕೂರಿಸಿದರು. ಲೋಹಿತ ಅನ್ನೋ ಹುಡುಗ ನರಿಯಾದ. ಚಂದ್ರಿ ಗೂಬೆಯಾದಳು. ಉಳಿದಿಬ್ಬರು ಅಳಿಲು, ಮುಳ್ಳುಹಂದಿ. ಕರಡಿ ಚೀಟಿಯೊಂದು ಉಳಿಯಿತು. ಅದು ಉಗ್ರಪ್ಪನಿಗೆ ಬಂತು.

"ಒಂದು ಕಾಡು" ಅಂದಳು ಇಂಪು, ಸತ್ತ ದನಿಯಲ್ಲಿ. ಅಷ್ಟೇ. ಮುಂದಕ್ಕೆ ಬರಲಿಲ್ಲ. ಅಳಿಲು ಆಕಳಿಸಿತು. ಬೀದಿಯಲ್ಲಿ ಲಗೋರಿ ಕಲ್ಲು ಉರುಳಿದ ಸದ್ದು ಕೇಳಿತು. ಲೋಹಿತ ಮೆಲ್ಲಗೆ ಎದ್ದ. "ಮೇಡಂ, ನಾನು ಹೋಗ್ಲಾ?"

ಇಂಪು ಅಳು ನುಂಗಿ, ಹೋಗೋನನ್ನು ನೋಡಲಾರದೆ, ಎದುರಿಗಿದ್ದ ಮಾವನ ಕಡೆ ತಿರುಗಿ ಬಾಯಿಗೆ ಬಂದದ್ದು ಕೇಳಿದಳು. "ಮಾವ, ಕರಡಿಗೆ ಹಸಿವಾಯ್ತು. ಮರದ ಮೇಲೆ ಜೇನು ಐತೆ. ಏನ್ ಮಾಡ್ತೀಯ?"

"ಮರ ಹತ್ತುತ್ತೀನಿ!" ಅಂದ ಉಗ್ರಪ್ಪ.

ಬಾಯಿ ಬಿಟ್ಟು ಹೇಳಾಯಿತು. ಹೇಳಿದ ಮೇಲೆ ಹೇಳಿದ ಹಾಗೆ ಮಾಡಬೇಕಲ್ಲ! ಹೊಸಲು ದಾಟಿದ, ಅಂಗಳ ದಾಟಿದ, ಸರಸರ ಸೀಬೆ ಮರ ಹತ್ತಿದ. ಯಾವ ಕೊಂಬೆಯಿಂದ ಇಂಪು ಬಿದ್ದಿದ್ದಳೋ ಅದೇ ಕೊಂಬೆ ಮೇಲೆ ಕೂತು ಕರಡಿಯ ಹಾಗೆ ಗುರುಗುಟ್ಟಿದ.

"ಇಳಿಯೋ! ಇಳಿಯೋ ನಮ್ಮಪ್ಪಾ!" ಬೋರಮ್ಮ ಬಾಯಿ ಬಡಿದುಕೊಂಡಳು.

"ದಾಳ ಹಾಕದೆ ಹೆಂಗವ್ವಾ ಇಳೀಲಿ? ಇಂಪೂ! ಎಷ್ಟು ಬಿತ್ತವ್ವಾ?"

ಎಷ್ಟೋ ದಿನದ ಮೇಲೆ ಇಂಪು ತಾನಾಗೇ ಕಿಟಕಿ ಕಡೆ ತಿರುಗಿದಳು. ಚಂದ್ರಿ ದಾಳ ಉರುಳಿಸಿದಳು. ಎಲ್ಲರೂ ಬಗ್ಗಿ ನೋಡಿದರು. ಒಂದು.

ಮಿಕ್ಕವರಿಗೆ ಅದು ಬರೀ ಒಂದು. ಇಂಪುಗೆ ತನ್ನ ಮಾವ ಗೊತ್ತು. "ಹೇಳ್ಬ್ಯಾಡ ಚಂದ್ರೀ!" ಅಂತ ಅವಳ ಬಾಯಿ ಮುಚ್ಚಿದಳು. ಕಿಟಕಿ ಸರಳು ಹಿಡಿದು ಕೂಗಿದಳು, ಅದೆಲ್ಲಿಂದ ಬಂತೋ ಅಷ್ಟು ಗಟ್ಟಿ ದನಿ! "ಮರದ ಕೆಳಗೆ ಒಂದು ಕೆರೆ! ಕೆರೇಲೊಂದು ಮೊಸಳೆ! ನರೀ, ಏನ್ ಮಾಡ್ತೀಯ?"

"ಮೊಸಳೆ ಎಳ್ಕೊಂಡ್ ಬರ್ತೀನಿ!" ಹೊಸಲಲ್ಲಿದ್ದ ಲೋಹಿತ ಲಗೋರಿ ಮರೆತ. ಜಗುಲಿಗೆ ನೆಗೆದ. ಅಳಿಲು ಬಾಲ ಹಿಡಿಯಿತು, ಮುಳ್ಳುಹಂದಿ ಮೂತಿ ಹಿಡಿಯಿತು. ಸಂಡಿಗೆಯೆಲ್ಲ ಅಂಗಳದ ಪಾಲು. ಮೊಸಳೆ ಕೊಂಬೆಯ ಕೆಳಗೆ ಬಂದು ನಿಂತಿತು.

"ಈಗ ಹೇಳೇ!" ಅಂದಳು ಇಂಪು.

"ಒಂದು ಬಿದ್ದೈತೆ ಮಾವಾ!" ಅಂತ ಚಂದ್ರಿ ಕೂಗಿದಳು.

"ಒಂದಾ? ಹಂಗಾದ್ರೆ ಕೆಟ್ಟಿತು!" ಅಂದ ಉಗ್ರಪ್ಪ. ಗಟ್ಟಿಯಾಗಿ ಹಿಡಿದು ಕೂತಿದ್ದವನು ಎರಡೂ ಕೈ ಬಿಟ್ಟ.

ಢಂ!

ಮೊಸಳೆ ಒಡೆಯಿತು. ಕೋಳಿಗಳು ದಿಕ್ಕಾಪಾಲಾದವು. ಉಗ್ರಪ್ಪ ಮೊಸಳೆಯ ಚಕ್ಕಳದ ಮೇಲೆ ಅಂಗಾತ ಬಿದ್ದು ಪಿಳಿಪಿಳಿ ಕಣ್ಣು ಬಿಟ್ಟ. ಒಂದು ಗೀರೂ ಆಗಿರಲಿಲ್ಲ. ಬೋರಮ್ಮ ಪೊರಕೆ ಎತ್ತಿಕೊಂಡು ಓಡಿದಳು. ಓಡಿದವಳು ಅರ್ಧದಲ್ಲೇ ನಿಂತಳು. ಒಳಗಿಂದ ನಗು ಕೇಳಿತು. ಇಂಪು ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಪ್ಲಾಸ್ಟರು ಕುಣಿಯೋ ಹಾಗೆ, ಕಣ್ಣಲ್ಲಿ ನೀರು ಬರೋ ಹಾಗೆ ನಗುತ್ತಿದ್ದಳು. ಬೋರಮ್ಮ ಪೊರಕೆ ಕೆಳಗಿಟ್ಟು ಜಗುಲಿ ಮೇಲೆ ಕುಸಿದು ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆ ಆಟ ಮಧ್ಯಾಹ್ನದವರೆಗೂ ನಡೀತು. ನರಿಗೆ ದಾರಿ ತಪ್ಪಿತು, ಗೂಬೆಗೆ ಹಗಲು ಕಣ್ಣು ಬಂತು, ಇಂಪುವಿನ ಬಾಯಲ್ಲಿ ಕಾಡು ಬೆಳೀತಾನೇ ಹೋಯಿತು. ಕಡೆಗೆ ಅವಳೇ ಕೈ ಎತ್ತಿದಳು. "ಇವತ್ತಿಗೆ ಇಷ್ಟು. ನಾಳೆ ಮೊದಲು ನರಿ, ಆಮೇಲೆ ಗೂಬೆ, ಅಳಿಲು, ಮುಳ್ಳುಹಂದಿ. ಕಟ್ಟಕಡೆಗೆ ಕರಡಿ."

"ಸ್ಕೂಲು ಬಿಟ್ಟ ಕೂಡ್ಲೇ ಬರ್ತೀವಿ ಕಣೇ! ನಾವಿಲ್ದೆ ಶುರು ಮಾಡ್ಬ್ಯಾಡ!" ಅಂತ ನಾಲ್ಕು ಮಕ್ಕಳೂ ಕೂಗುತ್ತ ಓಡಿದರು. ಇಂಪು ಕಿಟಕಿಯಲ್ಲಿ ಕೈ ಬೀಸಿದಳು. ಆಮೇಲೆ "ಅಜ್ಜೀ, ಹೊಟ್ಟೆ ಹಸೀತೈತೆ" ಅಂದಳು.

ಬೋರಮ್ಮ ಮೊಮ್ಮಗಳಿಗೆ ತುಪ್ಪ ಹಾಕಿ ಮುದ್ದೆ ತಿನ್ನಿಸಿ, ಮಗನಿಗೂ ಒಂದು ತಟ್ಟೆ ಹಾಕಿ ಕೂಗಿದಳು. ಹೊರಗೆ ಬಂದು ನೋಡಿದರೆ ಉಗ್ರಪ್ಪ ಬಿದ್ದಲ್ಲೇ ಅಂಗಾತ ಮಲಗಿದ್ದಾನೆ, ಎದೆ ಮೇಲೆ ಒಂದು ಕೋಳಿ ಕೂತಿದೆ.

"ಏಳ್ಲಾ! ಮುದ್ದೆ ಆರ್ತೈತೆ!"

"ನನ್ನ ಸರದಿ ಬಂದಿಲ್ಲವ್ವಾ! ನಾಳೆ ಸಾಯಂಕಾಲ, ಮುಳ್ಳುಹಂದಿ ಆದ ಮೇಲೆ!"

"ಎದ್ದು ಬರ್ತೀಯೋ, ಇಲ್ಲಾ ಆ ಎಂಟು ಮಾತ್ರೆ ತಂದು ಬಾಯಿಗೆ ಹಾಕ್ಲೋ!"

ಉಗ್ರಪ್ಪ ಕೋಳಿ ಅಲ್ಲಾಡದ ಹಾಗೆ ಯೋಚನೆ ಮಾಡಿದ.

"ಅದು ಹೆಂಗಾಗ್ತದವ್ವಾ? ಆ ಪೆಟ್ಟಿಗೆ ಮೇಲೆ ಹಸು ಐತೆ, ಕುರಿ ಐತೆ, ಮೇಕೆ ಐತೆ. ಕರಡಿ ಎಲ್ಲೈತೆ? ಚಿತ್ರ ನೋಡಿ ತಗೋಬೇಕು ಅಂತ ನೀನೇ ಅಲ್ಲೇನವ್ವಾ ಹೇಳಿದ್ದು!"